ರಾತ್ರಿ ಪಾಳಿಯ ವರದಿ

(ಮೂವತ್ತು ಹಾಸಿಗೆಯ ಒಂದು ಸಮುದಾಯ ಆರೋಗ್ಯ ಕೇಂದ್ರ. ಸಂಜೆ ಆರೂವರೆ. ಆಡಳಿತ ವೈದ್ಯಾಧಿಕಾರಿಯಾಗಿ ಬಂದು ನಾಲ್ಕು ತಿಂಗಳಾದ ಡಾಕ್ಟರು, ಇನ್ನು ಇಪ್ಪತ್ತೆರಡು ದಿನಕ್ಕೆ ನಿವೃತ್ತರಾಗುವ ಹಿರಿಯ ಸಿಸ್ಟರು ಡ್ಯೂಟಿ ರೂಮಿನಲ್ಲಿ ಕೂತಿದ್ದಾರೆ. ಮೇಜಿನ ಮೇಲೆ ರಾತ್ರಿ ವರದಿ ಪುಸ್ತಕ. ಅದರ ಮೇಲೆ ಟೈಪ್ ಮಾಡಿದ ಒಂದು ಹಾಳೆ.)

ಡಾಕ್ಟರ್: ಸಿಸ್ಟರ್, ಇದನ್ನು ಒಂದು ಸಲ ಓದಿ. ನಾಳೆ ಬೆಳಿಗ್ಗೆ ಸಹಿ ಹಾಕಿ ಕೊಡಬೇಕು ಅಂದುಕೊಂಡಿದ್ದೀನಿ.

ಸಿಸ್ಟರ್: ಕನ್ನಡಕ ಹಾಕ್ಕೋತೀನಿ, ಇರಿ. ‘ಕಾರಣ ಕೇಳಿ ನೋಟಿಸು.’ ಯಾರಿಗೆ ಸಾರ್? ಓ, ನಮ್ಮ ರಾತ್ರಿ ಡ್ಯೂಟಿ ಹುಡುಗಿಗಾ.

ಡಾಕ್ಟರ್: ವರದಿ ನೀವೂ ನೋಡಿದ್ದೀರಲ್ಲ. ರಾತ್ರಿ 3.10. ಕರೆಂಟಿಲ್ಲ. ಸಿಸೇರಿಯನ್ ಆಗಿ ಮೂರನೇ ದಿನದ ಬಾಣಂತಿಗೆ ಸೆಫ್ಟ್ರಿಯಾಕ್ಸೋನ್ ಕೊಡಬೇಕಿತ್ತು. ಪುಡಿ ಕಲೆಸೋಕೆ ಡಿಸ್ಟಿಲ್ಡ್ ವಾಟರ್ ಅಂತ ಎತ್ತಿಕೊಂಡದ್ದು ಪೊಟ್ಯಾಸಿಯಂ ಕ್ಲೋರೈಡ್. ಸಿರಿಂಜಿಗೆ ಎಳೆದೂ ಆಗಿತ್ತು. ಖಾಲಿ ಆಂಪ್ಯೂಲನ್ನು ಟ್ರೇಗೆ ಹಾಕುವಾಗ ಮೊಬೈಲ್ ಟಾರ್ಚಿನ ಬೆಳಕು ಅಕ್ಷರದ ಮೇಲೆ ಬಿತ್ತಂತೆ. ಬೀಳದೇ ಇದ್ದಿದ್ದರೆ?

ಸಿಸ್ಟರ್: ಆ ತಾಯಿ ಸೂಜಿ ತೆಗೆಯೋ ಮೊದಲೇ ಹೋಗಿಬಿಡೋಳು.

ಡಾಕ್ಟರ್: ಅದನ್ನೇ ನಾನು ಹೇಳೋದು. ಆ ಔಷಧ ದೊಡ್ಡ ಬಾಟಲಿಯ ಡ್ರಿಪ್ಪಿಗೆ ಬೆರೆಸಿ ಗಂಟೆಗಟ್ಟಲೆ ನಿಧಾನವಾಗಿ ಹನಿಸಬೇಕಾದದ್ದು. ನೇರವಾಗಿ ನರಕ್ಕೆ ತಳ್ಳಿದರೆ ಹೃದಯ ನಿಂತುಹೋಗುತ್ತೆ. ಬೆಳಗಾಗುವಷ್ಟರಲ್ಲಿ ಗೇಟಿನ ಮುಂದೆ ಐನೂರು ಜನ ಸೇರಿರ್ತಿದ್ದರು. ನೋಟಿಸು ಕೊಡದೆ ಬಿಟ್ಟರೆ ನಾನು ಕಣ್ಣುಮುಚ್ಚಿಕೊಂಡ ಹಾಗಾಗಲ್ವಾ?

ಸಿಸ್ಟರ್: ಒಂದು ಮಾತು ಕೇಳಲಾ ಸಾರ್? ಈ ವಿಷಯ ನಿಮಗೆ ಹೇಗೆ ಗೊತ್ತಾಯ್ತು?

ಡಾಕ್ಟರ್: ವರದಿ ಪುಸ್ತಕದಲ್ಲಿ ಅವರೇ ಬರೆದಿದ್ದಾರಲ್ಲ.

ಸಿಸ್ಟರ್: ಆ ಹೊತ್ತಲ್ಲಿ ಬಾಣಂತಿ ನಿದ್ದೆಯಲ್ಲಿದ್ದಳು. ಅವಳ ಅಮ್ಮ ಮಂಚದ ಕೆಳಗೆ ಚಾಪೆ ಮೇಲೆ ಮಲಗಿದ್ದರು. ಆಯಾ ಲೇಬರ್ ರೂಮಿನಲ್ಲಿದ್ದಳು. ನೋಡಿದವರು ಒಬ್ಬರೂ ಇಲ್ಲ. ಆಂಪ್ಯೂಲು ಕಸಕ್ಕೆ ಹಾಕಿ, ಬೇರೆ ನೀರು ತಗೊಂಡು, ಇಂಜೆಕ್ಷನ್ ಕೊಟ್ಟು, ‘ರೋಗಿ ಆರಾಮ’ ಅಂತ ಬರೆದು ಮನೆಗೆ ಹೋಗಬಹುದಿತ್ತು. ಅವಳು ಹಾಗೆ ಮಾಡಲಿಲ್ಲ. ಆರು ಸಾಲು ಬರೆದಿದ್ದಾಳೆ. ಕೊನೇ ಸಾಲಿನ ಅಕ್ಷರ ನೋಡಿ, ಕೈ ನಡುಗಿದೆ. ಈ ನೋಟಿಸು ನೀವು ಕೊಟ್ಟರೆ ಇನ್ನು ಮೇಲೆ ಈ ಪುಸ್ತಕದಲ್ಲಿ ಏನು ಬರುತ್ತೆ ಗೊತ್ತಾ? ‘ರೋಗಿ ಆರಾಮ’ ಅನ್ನೋದು ಮಾತ್ರ.

ಡಾಕ್ಟರ್: ಹಾಗಂತ ತಪ್ಪಿಗೆ ಬೆಲೆಯೇ ಇಲ್ಲವಾ?

ಸಿಸ್ಟರ್: ಇದೆ. ಕಾರಣ ಕೇಳಿ ಅಂತ ಬರೆದಿದ್ದೀರಲ್ಲ, ನಿಜವಾಗಿಯೂ ಕಾರಣ ಕೇಳೋಣ. ಅವಳೊಬ್ಬಳನ್ನೇ ಯಾಕೆ ಕೇಳ್ತೀರಿ? ಆ ಟ್ರೇಯನ್ನು ಕೇಳಿ. ಪೊಟ್ಯಾಸಿಯಂ ಕ್ಲೋರೈಡಿಗೆ ಬಾಣಂತಿಯರ ವಾರ್ಡಿನ ಇಂಜೆಕ್ಷನ್ ಟ್ರೇನಲ್ಲಿ ಏನು ಕೆಲಸ? ಅದೂ ಡಿಸ್ಟಿಲ್ಡ್ ವಾಟರಿನ ಪಕ್ಕದ ಗೂಡಿನಲ್ಲಿ?

ಡಾಕ್ಟರ್: ಫಾರ್ಮಸಿಯಿಂದ ಇಂಡೆಂಟ್ ಹಾಕಿದಾಗ ಬಂದಿರಬೇಕು.

ಸಿಸ್ಟರ್: ಹೋದ ತಿಂಗಳು ವಾಂತಿಭೇದಿ ಅಂತ ಒಬ್ಬ ಅಜ್ಜ ಬಂದಿದ್ದರಲ್ಲ, ಅವರಿಗೆ ಅಂತ ತರಿಸಿದ್ದು. ಅವರನ್ನು ಜಿಲ್ಲಾಸ್ಪತ್ರೆಗೆ ಕಳಿಸಿದಿರಿ. ಔಷಧ ಇಲ್ಲೇ ಉಳೀತು. ಯಾರೋ ಅಚ್ಚುಕಟ್ಟಾಗಿ ಇಡೋಣ ಅಂತ ಹತ್ತು ಎಂಎಲ್‌ನವೆಲ್ಲ ಒಂದು ಕಡೆ ಇಟ್ಟರು. ಗಾತ್ರ ಒಂದೇ, ಪ್ಲಾಸ್ಟಿಕ್ಕು ಒಂದೇ, ಒಳಗಿನದು ಎರಡೂ ನೀರಿನ ಹಾಗೆ ತಿಳಿ. ಆಮೇಲೆ ಕರೆಂಟನ್ನು ಕೇಳಿ. ಯುಪಿಎಸ್ಸು ಓಟಿಗೂ ಲೇಬರ್ ರೂಮಿಗೂ ಮಾತ್ರ ಇದೆ, ಇಂಜೆಕ್ಷನ್ ತುಂಬೋ ಜಾಗಕ್ಕೆ ಇಲ್ಲ. ಡ್ಯೂಟಿ ಪಟ್ಟಿಯನ್ನೂ ಕೇಳಿ. ವಾರ್ಡಿಗೂ ಹೆರಿಗೆಗೂ ಸೇರಿ ರಾತ್ರಿ ಒಬ್ಬಳೇ. ಅವಳಿಗದು ಸತತ ಐದನೇ ರಾತ್ರಿ. ಆ ಪಟ್ಟಿ ಬರೆದವಳು ನಾನು. ಹಾಗಾಗಿ ಆ ಹಾಳೆಯಲ್ಲಿ ನನ್ನ ಹೆಸರೂ ಸೇರಿಸಬೇಕಾಗುತ್ತೆ.

ಡಾಕ್ಟರ್: ನೀವು ಹೇಳುವಾಗ ನೆನಪಾಯ್ತು. ಅಮೆರಿಕದಲ್ಲಿ ಆಸ್ಪತ್ರೆಗಳಿಗೆ ಮಾನ್ಯತೆ ಕೊಡೋ ಸಂಸ್ಥೆ 1998ರಲ್ಲಿ ಇಂಥ ಅವಘಡಗಳ ಬಗ್ಗೆ ಎಚ್ಚರಿಕೆ ಪತ್ರಗಳನ್ನು ಹೊರಡಿಸೋಕೆ ಶುರುಮಾಡಿತು. ಮೊಟ್ಟಮೊದಲ ಪತ್ರವೇ ಪೊಟ್ಯಾಸಿಯಂ ಕ್ಲೋರೈಡಿನದು. ಅಲ್ಲೂ ಬಹುಪಾಲು ಸಾವಿಗೆ ಕಾರಣ ಇದೇ, ಬೇರೆ ಔಷಧ ಅಂದುಕೊಂಡು ಕೊಟ್ಟದ್ದು, ಪ್ಯಾಕಿಂಗ್ ಒಂದೇ ಥರ ಇದ್ದದ್ದು. ಅವರು ಹೇಳಿದ ಉಪಾಯ ಸರಳ. ಗಟ್ಟಿ ದ್ರಾವಣ ವಾರ್ಡಿನಲ್ಲಿ ಇರಲೇಬಾರದು.

ಸಿಸ್ಟರ್: ನೋಡಿ, ದೊಡ್ಡ ದೊಡ್ಡ ಆಸ್ಪತ್ರೆಯವರೂ ಅದೇ ಗುಂಡಿಗೆ ಬಿದ್ದಿದ್ದಾರೆ. ಗುಂಡಿ ಮುಚ್ಚೋದು ಬಿಟ್ಟು, ಬಿದ್ದವಳಿಗೆ ‘ಯಾಕೆ ಬಿದ್ದೆ’ ಅಂತ ಪತ್ರ ಬರೆದರೆ ನಾಳೆ ಇನ್ನೊಬ್ಬಳು ಬೀಳ್ತಾಳೆ.

ಡಾಕ್ಟರ್: ಒಪ್ಪಿದೆ ಅಂತಿಟ್ಟುಕೊಳ್ಳಿ. ಆದರೂ ನನಗೊಂದು ಕಸಿವಿಸಿ. ಎಲ್ಲದಕ್ಕೂ ವ್ಯವಸ್ಥೆಯೇ ಕಾರಣ ಅಂತ ಹೇಳಿಬಿಟ್ಟರೆ ಸೋಮಾರಿಗೂ ನಿಷ್ಠರಿಗೂ ವ್ಯತ್ಯಾಸ ಉಳಿಯಲ್ಲ. ಲೇಬಲ್ ಓದದೇ ಔಷಧ ತುಂಬೋದು ತಪ್ಪೇ.

ಸಿಸ್ಟರ್: ತಪ್ಪೇ. ಅವಳಿಗೆ ನಾನೇ ಹೇಳಿದ್ದೀನಿ, ಬೆಳಿಗ್ಗೆ ಪಕ್ಕದಲ್ಲಿ ಕೂರಿಸಿಕೊಂಡು. ಎತ್ತಿಕೊಳ್ಳುವಾಗ ಒಂದು ಸಲ, ಒಡೆಯೋ ಮೊದಲು ಒಂದು ಸಲ, ಎಸೆಯುವಾಗ ಒಂದು ಸಲ ಓದು ಅಂತ. ಮೂರನೇ ಸಲ ಓದಿದ್ದಕ್ಕೇ ಆ ತಾಯಿ ಇವತ್ತು ಮಗುವಿಗೆ ಹಾಲು ಕುಡಿಸ್ತಿದ್ದಾಳೆ ಅಂತಲೂ ಹೇಳಿದೆ. ಕುಡಿದು ಡ್ಯೂಟಿಗೆ ಬಂದವನಿಗೆ, ದುಡ್ಡು ಕೊಡದಿದ್ದರೆ ಮಗು ತೋರಿಸಲ್ಲ ಅನ್ನೋವಳಿಗೆ ನೋಟಿಸು ಕೊಡಿ ಸಾರ್, ಎರಡು ಕೊಡಿ, ನಾನೇ ಸಾಕ್ಷಿಗೆ ಬರ್ತೀನಿ. ಇದು ಆ ಜಾತಿಯದಲ್ಲ.

ಡಾಕ್ಟರ್: ಮೊನ್ನೆ ಗುಣಮಟ್ಟ ಪರಿಶೀಲನೆಗೆ ಬಂದವರು ನಮಗೆ ಒಳ್ಳೇ ಅಂಕ ಕೊಟ್ಟು ಹೋದರು. ಸ್ವಚ್ಛತೆಗೆ ಅಂಕ ಕೊಡೋ ‘ಕಾಯಕಲ್ಪ’ ಯೋಜನೆಯವರು ಗೋಡೆ, ಕಸದ ಬಣ್ಣಬಣ್ಣದ ಬುಟ್ಟಿ ನೋಡಿದರು. ಹೆರಿಗೆ ಕೋಣೆಗೆ ‘ಲಕ್ಷ್ಯ’ ಪ್ರಮಾಣಪತ್ರಕ್ಕೆ ಅರ್ಜಿ ಹಾಕೋಣ ಅಂತಲೂ ಇದ್ದೆ. ಈಗ ಇದನ್ನು ನೋಡಿದರೆ ಆ ಅಂಕ ಎಲ್ಲಾ ಬರೀ ಕಾಗದವಾ ಅನ್ನಿಸ್ತಿದೆ.

ಸಿಸ್ಟರ್: ಹಾಗನ್ನಬೇಡಿ. ಕಾಯಕಲ್ಪ ಬರೋ ಮೊದಲು ಈ ಆಸ್ಪತ್ರೆ ಹೇಗಿತ್ತು ಅಂತ ನಾನು ಕಂಡಿದ್ದೀನಿ. ಬಳಸಿದ ಸೂಜಿ ಹಿತ್ತಲ ಬೇಲಿ ಹತ್ತಿರ ಬಿದ್ದಿರ್ತಿತ್ತು, ಮಕ್ಕಳು ಎತ್ತಿಕೊಂಡು ಆಡ್ತಿದ್ದವು. ಈಗ ಇಲ್ಲ. ಅದು ಸಣ್ಣ ಕೆಲಸವಲ್ಲ. ಆದರೆ ಬರೋರು ಹಗಲು ಬರ್ತಾರೆ, ಹೇಳಿಕಳಿಸಿ ಬರ್ತಾರೆ. ರಾತ್ರಿ ಮೂರು ಗಂಟೆಯ ಆಸ್ಪತ್ರೆ ಬೇರೆಯೇ. ಫ್ರಿಜ್ಜು ನೋಡಿ. ಆಕ್ಸಿಟೋಸಿನ್ನು 2ರಿಂದ 8 ಡಿಗ್ರಿಯೊಳಗೆ ಇರಬೇಕು. ಹೆರಿಗೆಯಾದ ಒಂದು ನಿಮಿಷದೊಳಗೆ 10 ಯೂನಿಟ್ಟು ತೊಡೆಗೆ ಚುಚ್ಚಿದರೆ ಗರ್ಭಕೋಶ ಬಿಗಿಯಾಗಿ ರಕ್ತ ನಿಲ್ಲುತ್ತೆ. ಏಪ್ರಿಲ್ ಮೇ ತಿಂಗಳಲ್ಲಿ ಕರೆಂಟು ಹೋಗಿ ಬಂದು ಮಾಡೋವಾಗ ಅದೇ ಫ್ರಿಜ್ಜಿನಲ್ಲಿ ಹಾಲಿನ ಪಾಕೆಟ್ಟು, ಊಟದ ಡಬ್ಬಿ ಇಟ್ಟು ಬಾಗಿಲು ಹತ್ತು ಸಲ ತೆಗೆದರೆ? ಆಂಪ್ಯೂಲು ನೋಡೋಕೆ ಹಾಗೇ ಇರುತ್ತೆ, ಒಳಗೆ ಕಸುವಿರಲ್ಲ. ನಾವು ಇಂಜೆಕ್ಷನ್ ಕೊಟ್ಟಿದ್ದೀವಿ ಅಂತ ಧೈರ್ಯವಾಗಿರ್ತೀವಿ, ಆ ಕಡೆ ರಕ್ತ ಹೋಗ್ತಾನೇ ಇರುತ್ತೆ.

ಡಾಕ್ಟರ್: 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರಲ್ಲ, ಆಗ ರಿಂಗರ್ಸ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಅನುಮಾನ ಬಂದು ಸರ್ಕಾರ ಅದನ್ನು ತಡೆಹಿಡಿಯಿತು. ನಾನಾಗ ಬೇರೆ ಕಡೆ ಇದ್ದೆ. ಅಲ್ಲಿ ಯಾವ ತಾಯಿಗೆ ಯಾವ ಬ್ಯಾಚಿನ ಬಾಟಲಿ ಹೋಗಿದೆ ಅಂತ ಹುಡುಕೋಕೆ ಕೂತರೆ ಒಂದು ಕೇಸ್ ಶೀಟಿನಲ್ಲೂ ಬ್ಯಾಚ್ ನಂಬರ್ ಇರಲಿಲ್ಲ. ಬರೀ ‘ಆರ್‌ಎಲ್ 2’ ಅಂತಿತ್ತು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಸಿಸ್ಟರ್: ಈಗ ಇಲ್ಲಿ ಬರೀತೀವಿ. ನೀವು ಬಂದ ಮೇಲೆ ಶುರುವಾದದ್ದು. ಮೊದಮೊದಲು ಹುಡುಗಿಯರು ಗೊಣಗಿದರು, ಈಗ ರೂಢಿ.

ಡಾಕ್ಟರ್: ರೂಢಿ ಅಂದಿರಲ್ಲ, ಒಂದು ಸಂಗತಿ ನನ್ನನ್ನು ತುಂಬಾ ಕಾಡುತ್ತೆ. ಹೆರಿಗೆಗೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಒಂದು ಚೆಕ್‌ಲಿಸ್ಟ್ ಮಾಡಿತು. ಅದನ್ನು ಮೊದಲು ಪ್ರಯೋಗ ಮಾಡಿ ನೋಡಿದ್ದು ನಮ್ಮ ಕರ್ನಾಟಕದಲ್ಲೇ, ಜಿಲ್ಲಾಸ್ಪತ್ರೆಗಿಂತ ಕೆಳಹಂತದ ಒಂದು ಆಸ್ಪತ್ರೆಯಲ್ಲಿ, 2010ರಲ್ಲಿ. ಪ್ರತಿ ಹೆರಿಗೆಗೆ ಆಗಲೇಬೇಕಾದ 29 ಕೆಲಸಗಳಲ್ಲಿ ಮೊದಲು ಸರಾಸರಿ 10 ಆಗ್ತಿದ್ದವು. ಪಟ್ಟಿ ಬಂದ ಮೇಲೆ 25. ಓದಿದಾಗ ಎದೆ ಉಬ್ಬಿತ್ತು. ಆಮೇಲೆ ಅದನ್ನೇ ಉತ್ತರ ಪ್ರದೇಶದಲ್ಲಿ 120 ಆಸ್ಪತ್ರೆಗಳಲ್ಲಿ ದೊಡ್ಡದಾಗಿ ಪರೀಕ್ಷಿಸಿದರು. 2017ರಲ್ಲಿ ಫಲಿತಾಂಶ ಬಂತು. ಕೆಲಸದ ಕ್ರಮ ಸುಧಾರಿಸಿತ್ತು. ತಾಯಿ ಮಗುವಿನ ಸಾವು ಮಾತ್ರ ಎಣಿಕೆಗೆ ಸಿಗೋ ಅಷ್ಟು ಇಳಿದಿರಲಿಲ್ಲ.

ಸಿಸ್ಟರ್: ಇಳಿಯೋದು ಹೇಗೆ ಸಾರ್? ರಕ್ತದೊತ್ತಡ ನೋಡಿದೆಯಾ, ಹೌದು ಅಂತ ಗುರುತು ಹಾಕಿದರು. 160 ಇದ್ದರೆ ಮುಂದೇನು? ಕೊಡೋಕೆ ಮೆಗ್ನೀಷಿಯಂ ಇರಬೇಕು, ಕೊಡೋಕೆ ಕಲಿತ ಕೈ ಇರಬೇಕು, ಕಳಿಸೋಕೆ ಗಾಡಿ ಇರಬೇಕು, ಕಳಿಸಿದ ಕಡೆ ರಕ್ತ ಇರಬೇಕು. ನಾನು ಕಂಡ ಹಾಗೆ ಪಟ್ಟಿ ಒಂದು ದಾರ. ಪೋಣಿಸೋಕೆ ಹೂವು ಇದ್ದರೆ ಮಾಲೆ ಆಗುತ್ತೆ.

ಡಾಕ್ಟರ್: ನಮ್ಮ ರಾಜ್ಯದ್ದು ನೋಡಿ. 2018-20ರ ಲೆಕ್ಕದಲ್ಲಿ ಲಕ್ಷ ಜೀವಂತ ಜನನಕ್ಕೆ 69 ತಾಯಂದಿರ ಸಾವು. ಕೇರಳದಲ್ಲಿ 19. ಪಕ್ಕದ ರಾಜ್ಯ. ಅದೇ ಮಳೆ, ಅದೇ ಅನ್ನ.

ಸಿಸ್ಟರ್: ಆ ಲೆಕ್ಕಕ್ಕೆ ನನ್ನದೂ ಒಂದು ಸೇರಿದೆ. ಹಳೇ ಕಾಲದ್ದು. ಯಾರಿಗೂ ಹೇಳಿಲ್ಲ. ನಿವೃತ್ತಿಗೆ ಮೊದಲು ಯಾರಿಗಾದರೂ ಹೇಳಬೇಕು ಅಂತ ಬಹಳ ದಿನದಿಂದ ಇತ್ತು.

ಡಾಕ್ಟರ್: ಹೇಳಿ ಸಿಸ್ಟರ್.

ಸಿಸ್ಟರ್: ಕೆಲಸಕ್ಕೆ ಸೇರಿದ ಎರಡನೇ ವರ್ಷ, ಬೇರೆ ಜಿಲ್ಲೆಯ ಒಂದು ಸಣ್ಣ ಆಸ್ಪತ್ರೆ. ಮಳೆಗಾಲ. ಮೂರನೇ ಹೆರಿಗೆಯ ಹೆಂಗಸು. ಸುಸೂತ್ರವಾಗಿ ಆಯ್ತು, ಹೆಣ್ಣುಮಗು. ಕಸವೂ ಪೂರ್ತಿ ಬಿತ್ತು. ರಕ್ತ ಸ್ವಲ್ಪ ಜಾಸ್ತಿ ಅನ್ನಿಸಿತು. ಬಟ್ಟೆ ಒತ್ತಿದೆ, ನೆನೆಯಿತು. ಇನ್ನೊಂದು ಒತ್ತಿದೆ. ಆಯಾ ನೆಲಕ್ಕೆ ನೀರು ಹಾಕಿ ತೊಳೆದುಬಿಟ್ಟಳು, ನೋಡಿದರೆ ಮನೆಯವರು ಹೆದರ್ತಾರೆ ಅಂತ. ಹರಿದದ್ದು ಎಷ್ಟು ಅನ್ನೋದು ಚರಂಡಿಗೆ ಮಾತ್ರ ಗೊತ್ತು. ಕೇಸ್ ಶೀಟಿನಲ್ಲಿ ನಾನು ‘ರಕ್ತಸ್ರಾವ ಸಾಧಾರಣ’ ಅಂತ ಬರೆದೆ. ಸುಳ್ಳು ಬರೆದದ್ದಲ್ಲ ಸಾರ್. ನನ್ನ ಕಣ್ಣಿಗೆ ಹಾಗೇ ಕಂಡಿತ್ತು. ಒಂದು ಗಂಟೆ ಆದ ಮೇಲೆ ಅವಳು ‘ಅಕ್ಕಾ, ಬಾಯಾರಿಕೆ’ ಅಂದಳು. ನೀರು ಕೊಟ್ಟೆ. ಮತ್ತೆ ಕೇಳಿದಳು. ಮತ್ತೆ ಕೊಟ್ಟೆ. ಬಾಯಾರಿಕೆ ಯಾಕೆ ಅಂತ ನನಗೆ ಹೊಳೆಯಲಿಲ್ಲ. ಜೀಪು ಸಿಗೋ ಹೊತ್ತಿಗೆ ಕೈ ತಣ್ಣಗಾಗಿತ್ತು. ದಾರಿಯಲ್ಲೇ ಹೋದಳು.

ಡಾಕ್ಟರ್: ಆಗ ನಿಮ್ಮ ಮೇಲಿನವರು ಏನಂದರು?

ಸಿಸ್ಟರ್: ಎಲ್ಲರ ಎದುರಿಗೆ ಬೈದರು. ‘ಕಣ್ಣು ಕಾಣಲ್ವಾ ನಿನಗೆ’ ಅಂದರು. ಒಂದು ಇನ್‌ಕ್ರಿಮೆಂಟು ತಡೆದರು. ಎಷ್ಟು ರಕ್ತ ಹೋಗಿತ್ತು, ಹೇಗೆ ಅಳೀಬೇಕಿತ್ತು, ಜೀಪು ಯಾಕೆ ತಡವಾಯ್ತು ಅಂತ ಒಬ್ಬರೂ ಕೇಳಲಿಲ್ಲ. ಅವತ್ತಿನಿಂದ ನಾನು ಕಲಿತದ್ದೇನು ಅಂದರೆ, ‘ಸಾಧಾರಣ’ ಅಂತ ಬರೆಯೋದನ್ನು ಮಾತ್ರ ಯಾವತ್ತೂ ಬಿಡಬಾರದು. ಎಷ್ಟೋ ವರ್ಷ ಹಾಗೇ ಬರೆದೆ. ಆ ಮಾತು ನನ್ನನ್ನು ಕಾಯ್ತಿತ್ತು, ತಾಯಂದಿರನ್ನಲ್ಲ.

ಡಾಕ್ಟರ್: ನಿಮ್ಮ ಕಣ್ಣಿನದು ತಪ್ಪಲ್ಲ ಸಿಸ್ಟರ್. ಇದನ್ನು ಸಮಾಧಾನಕ್ಕೆ ಹೇಳ್ತಿಲ್ಲ. ಬೆಳಗಾವಿ ಜಿಲ್ಲೆಯಲ್ಲಿ ಇದನ್ನೇ ಅಳೆದು ನೋಡಿದ್ದಾರೆ. ತಾಯಿಯ ಕೆಳಗೆ ಹಾಸೋ ಪ್ಲಾಸ್ಟಿಕ್ ಹಾಳೆ, ತುದಿಯಲ್ಲಿ ಕೊಳವೆ ಥರದ ಚೀಲ, ಅದರ ಮೇಲೆ ಅಳತೆಯ ಗೆರೆಗಳು. ಅದರಲ್ಲಿ ಶೇಖರವಾದ ರಕ್ತಕ್ಕೂ ಕಣ್ಣಂದಾಜಿಗೂ ಹೋಲಿಸಿದರೆ ಕಣ್ಣಂದಾಜು ಸುಮಾರು ಮೂರನೇ ಒಂದು ಪಾಲು ಕಡಿಮೆ ಬಂತು. ಎಲ್ಲರ ಕಣ್ಣೂ ಹಾಗೇ. ಅದೇ ಜಿಲ್ಲೆಯ ಹಳ್ಳಿಗಳಲ್ಲಿ ಹೆರಿಗೆ ಮಾಡಿಸ್ತಿದ್ದ ಎಎನ್‌ಎಂಗಳು ಮಿಸೊಪ್ರೊಸ್ಟಾಲ್ ಮಾತ್ರೆ ಕೊಟ್ಟು, ಆ ಚೀಲದಲ್ಲೇ ರಕ್ತ ಅಳೆದು, 1,620 ತಾಯಂದಿರ ಅಧ್ಯಯನಕ್ಕೆ ನೆರವಾದರು. ಅತಿ ರಕ್ತಸ್ರಾವ ನೂರಕ್ಕೆ 12 ಇದ್ದದ್ದು 6.4ಕ್ಕೆ ಬಂತು. 2006ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಅಧ್ಯಯನ ಅದು.

ಸಿಸ್ಟರ್: ಎಎನ್‌ಎಂಗಳು! ನಮ್ಮಂಥವರೇ.

ಡಾಕ್ಟರ್: ನಿಮ್ಮಂಥವರೇ. ಆಮೇಲೆ ಆಫ್ರಿಕಾದ ನಾಲ್ಕು ದೇಶಗಳ 80 ಆಸ್ಪತ್ರೆಗಳಲ್ಲಿ ಅಂಥದ್ದೇ ಅಳತೆ ಚೀಲ ಇಟ್ಟು, ಗೆರೆ ದಾಟಿದ ಕೂಡಲೇ ಮಾಡಬೇಕಾದದ್ದನ್ನೆಲ್ಲ ಒಟ್ಟಿಗೇ ಮಾಡಿದರು. ಹೊಟ್ಟೆ ಮೇಲಿಂದ ಗರ್ಭಕೋಶ ನೀವೋದು, ಔಷಧ, ಡ್ರಿಪ್ಪು, ಪರೀಕ್ಷೆ, ಎಲ್ಲ. ತೀವ್ರ ರಕ್ತಸ್ರಾವದ ತೊಂದರೆ ನೂರಕ್ಕೆ 60ರಷ್ಟು ಇಳಿಯಿತು. 2023ರಲ್ಲಿ ಪ್ರಕಟವಾಯ್ತು.

ಸಿಸ್ಟರ್: ಒಂದು ಚೀಲ. ಅದರ ಮೇಲೆ ನಾಲ್ಕು ಗೆರೆ. ನನ್ನ ಹತ್ತಿರ ಅವತ್ತು ಅದಿದ್ದಿದ್ದರೆ... ಇರಲಿ. ಆ ಹೆಣ್ಣುಮಗುವಿಗೆ ಈಗ ಮೂವತ್ತು ದಾಟಿರಬೇಕು. ಎಲ್ಲಿದ್ದಾಳೋ.

ಡಾಕ್ಟರ್: ನಮ್ಮ ಲೇಬರ್ ರೂಮಿಗೆ ತರಿಸೋಣ. ಆರೋಗ್ಯ ರಕ್ಷಾ ಸಮಿತಿಯ ಹಣ ಸ್ವಲ್ಪ ಉಳಿದಿದೆ. ವಾರ್ಡಿನ ಇಂಜೆಕ್ಷನ್ ಮೇಜಿಗೆ ಒಂದು ಎಮರ್ಜೆನ್ಸಿ ದೀಪವನ್ನೂ ಅದರಲ್ಲೇ ತಗೊಳ್ಳಬಹುದು.

ಸಿಸ್ಟರ್: ದೀಪ ಮೊದಲು. ಅದು ನಾಳೆನೇ ಆಗೋ ಕೆಲಸ, ಸಂತೆಬೀದಿಯಲ್ಲೇ ಸಿಗುತ್ತೆ. ಇನ್ನೊಂದಿದೆ, ದುಡ್ಡೇ ಬೇಡದ್ದು. ಈಗ ವಾರ್ಡಿನಲ್ಲಿ ಇಬ್ಬರು ಲಕ್ಷ್ಮೀದೇವಿಯರಿದ್ದಾರೆ, ಗಮನಿಸಿದಿರಾ?

ಡಾಕ್ಟರ್: ಇಲ್ಲ.

ಸಿಸ್ಟರ್: ಒಬ್ಬಳಿಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ಇದೆ. ಇನ್ನೊಬ್ಬಳಿಗೆ ಏನೂ ಇಲ್ಲ. ‘ನೀವು ಲಕ್ಷ್ಮೀದೇವಿ ಅಲ್ವೇನಮ್ಮ?’ ಅಂತ ಕೇಳಿದರೆ ಇಬ್ಬರೂ ‘ಹೂಂ’ ಅಂತಾರೆ. ಅವರನ್ನು ಬಿಡಿ, ಪಕ್ಕದ ಮಂಚದ ರತ್ನಮ್ಮನೂ ‘ಹೂಂ’ ಅಂತಾಳೆ. ಸಿಸ್ಟರು ಕೇಳಿದ್ದಕ್ಕೆ ‘ಅಲ್ಲ’ ಅನ್ನೋದು ನಮ್ಮ ಹಳ್ಳಿ ಹೆಂಗಸರಿಗೆ ಮರ್ಯಾದೆ ಅಲ್ಲ. ಅದಕ್ಕೇ ಹೆಸರು ನಾವು ಹೇಳಬಾರದು, ಅವರ ಬಾಯಿಂದ ಹೇಳಿಸಬೇಕು. ‘ನಿಮ್ಮ ಹೆಸರೇನಮ್ಮ? ಯಾವೂರು?’ ಅಂತ. ಗಂಡನ ಹೆಸರು ಕೇಳಿ ಅಂತ ಟ್ರೈನಿಂಗಿನಲ್ಲಿ ಹೇಳ್ತಾರೆ. ಎಷ್ಟೋ ಜನ ಗಂಡನ ಹೆಸರು ಹೇಳಲ್ಲ, ತಲೆ ತಗ್ಗಿಸಿ ನಗ್ತಾರೆ. ಊರು ಕೇಳಿದರೆ ಹೇಳ್ತಾರೆ. ತಾಯಿ ಕಾರ್ಡಿನ ನಂಬರ್ ನೋಡಿಕೋಬೇಕು.

ಡಾಕ್ಟರ್: ಇದು ಯಾವ ಪಠ್ಯಪುಸ್ತಕದಲ್ಲೂ ಇಲ್ಲ ಸಿಸ್ಟರ್.

ಸಿಸ್ಟರ್: ಬರೆದಿಟ್ಟುಕೊಳ್ಳಿ. ನಾನು ಹೋದ ಮೇಲೆ ಹೊಸ ಹುಡುಗಿಯರಿಗೆ ಹೇಳಬೇಕಲ್ಲ. ಹಾಗೇ, ಪಾಳಿ ಬದಲಾಗುವಾಗ ಈ ಡ್ಯೂಟಿ ರೂಮಿನಲ್ಲಿ ಚಾರ್ಜ್ ಕೊಡೋದು ನಿಲ್ಲಿಸಿ. ಮಂಚದ ಹತ್ತಿರ ನಿಂತು ಕೊಡಲಿ. ಡ್ರಿಪ್ಪು ಎಷ್ಟು ಉಳಿದಿದೆ, ಬಟ್ಟೆ ನೆನೆದಿದೆಯಾ, ಮೂತ್ರ ಆಗಿದೆಯಾ, ಇಬ್ಬರೂ ಕಣ್ಣಾರೆ ನೋಡಲಿ. ಹತ್ತು ನಿಮಿಷ ಹೆಚ್ಚು ಹಿಡಿಯುತ್ತೆ. ಬಸ್ಸು ತಪ್ಪುತ್ತೆ ಅಂತಾರೆ, ಬೇಕಾದರೆ ಪಾಳಿ ಸಮಯವನ್ನು ಬಸ್ಸಿಗೆ ಹೊಂದಿಸಿ. ಬಸ್ಸಿನ ಚಿಂತೆ ಇರೋವಳು ಎಲ್ಲಾ ‘ಆರಾಮ’ ಅಂತಲೇ ಹೇಳಿ ಓಡೋದು.

ಡಾಕ್ಟರ್: ಹಾಗಿದ್ದರೆ ಈ ನೋಟಿಸು...

ಸಿಸ್ಟರ್: ನಾನು ಹೇಳೋದು ಹೇಳಿದ್ದೀನಿ. ತೀರ್ಮಾನ ನಿಮ್ಮದು.

ಡಾಕ್ಟರ್: ಕೊಡಲ್ಲ. ಆದರೆ ಸುಮ್ಮನೂ ಇರಲ್ಲ. ಒಂದು ಹೊಸ ಪುಸ್ತಕ ಇಡೋಣ. ‘ಆಗಬಹುದಾಗಿತ್ತು, ಆಗಲಿಲ್ಲ’ ಅನ್ನೋ ಅಂಥವಕ್ಕೆ. ಯಾರು ಬೇಕಾದರೂ ಬರೀಬಹುದು, ಆಯಾನೂ. ಬರೆಯೋಕೆ ಬರದವರು ಬಾಯಲ್ಲಿ ಹೇಳಲಿ, ನಾನು ಬರೀತೀನಿ. ತಿಂಗಳಿಗೊಮ್ಮೆ ಎಲ್ಲರೂ ಕೂತು ಓದೋಣ. ಮೊದಲನೇದು ನನ್ನದೇ ಬರಲಿ. ಹೋದ ವಾರ ಒಂದು ಮಗುವಿಗೆ ಪ್ಯಾರಾಸಿಟಮಾಲ್ ಬರೆಯುವಾಗ ತೂಕ ಕೇಳದೆ ಅಂದಾಜಿಗೆ ಬರೆದೆ. ಫಾರ್ಮಸಿಯವರು ಚೀಟಿ ವಾಪಸು ತಂದು ತೋರಿಸಿದರು. ನನಗೆ ಸಿಟ್ಟು ಬಂದಿತ್ತು, ಅದನ್ನೂ ಬರೀತೀನಿ.

ಸಿಸ್ಟರ್: ಅದನ್ನು ನೀವು ಬರೆದರೆ, ಉಳಿದವರಿಗೆ ನಾನು ಏನೂ ಹೇಳಬೇಕಾಗಿಲ್ಲ.

ಡಾಕ್ಟರ್: ಬನ್ನಿ, ಈಗಲೇ ವಾರ್ಡಿನಿಂದ ಆ ಪೊಟ್ಯಾಸಿಯಂ ಎಲ್ಲಾ ತೆಗೆದು ಫಾರ್ಮಸಿಗೆ ಹಿಂದಿರುಗಿಸೋಣ. ಬೇಕಾದಾಗ ರೋಗಿಯ ಹೆಸರಿಗೆ ಒಂದೊಂದೇ ತರಿಸೋಣ.

(ಇಬ್ಬರೂ ವಾರ್ಡಿಗೆ ಹೋಗುತ್ತಾರೆ. ಕರೆಂಟಿದೆ. ಸಿಸ್ಟರ್ ಟ್ರೇ ಎಳೆದು ಆಂಪ್ಯೂಲುಗಳನ್ನು ಒಂದೊಂದಾಗಿ ಬಟ್ಟೆಯ ಮೇಲೆ ಜೋಡಿಸಿ ಎಣಿಸುತ್ತಾರೆ. ಡಾಕ್ಟರು ಸ್ಟಾಕ್ ಪುಸ್ತಕ ತೆರೆಯುತ್ತಾರೆ.)

ಸಿಸ್ಟರ್: ಹದಿನೇಳು.

ಡಾಕ್ಟರ್: ಪುಸ್ತಕದಲ್ಲಿ 18 ಇದೆ.

ಸಿಸ್ಟರ್: ಹದಿನೆಂಟನೇದು ನಿನ್ನೆ ರಾತ್ರಿದು.

ಡಾಕ್ಟರ್: ಹೌದಲ್ಲ. ಖರ್ಚು ಅಂತ ಹಾಕ್ತೀನಿ. ಇಲ್ಲಿ ರೋಗಿಯ ಹೆಸರು ಬರೆಯೋ ಕಾಲಂ ಇದೆಯಲ್ಲ, ಏನು ಬರೀಲಿ?

ಸಿಸ್ಟರ್: ‘ಯಾರಿಗೂ ಕೊಟ್ಟಿಲ್ಲ’ ಅಂತ ಬರೀರಿ, ಸಾರ್.